ಸ್ಪ್ಯಾನಿಷ್‌ನಲ್ಲಿ ‘ಆಗು’: ಯಾವ ಬದಲಾವಣೆಗೆ ಯಾವ ಕ್ರಿಯಾಪದ?

ಇಂಗ್ಲಿಷಿನ ‘ಬಿಕಮ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಹೆಚ್ಚಿನ ಕಡೆ ‘ಆಗು’ ಸಾಕಾಗುತ್ತದೆ: ಮುಖ ಕೆಂಪಾಗುತ್ತದೆ, ನೀರು ಮಂಜುಗಡ್ಡೆಯಾಗುತ್ತದೆ, ಮಗಳು ವೈದ್ಯೆಯಾಗುತ್ತಾಳೆ. ಸ್ಪ್ಯಾನಿಷ್‌ನಲ್ಲಿ ಈ ಮೂರಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ಆದ್ದರಿಂದ ನಿಘಂಟಿನಲ್ಲಿ ಮೊದಲು ಸಿಕ್ಕಿದ್ದನ್ನು ಬಳಸುವ ಮುನ್ನ, ಬದಲಾವಣೆ ಎಷ್ಟು ಕಾಲ ನಿಲ್ಲುವಂಥದ್ದು, ಅದರ ಹಿಂದೆ ವ್ಯಕ್ತಿಯ ಇಚ್ಛೆ ಇದೆಯೇ ಎಂದು ಕೇಳಿಕೊಳ್ಳಬೇಕು.

ಕಲಿಯುವವರನ್ನು ಹೆಚ್ಚು ಕಾಡುವುದು ‘ಪೊನೆರ್ಸೆ’ ಮತ್ತು ‘ಬೊಲ್ಬೆರ್ಸೆ’ ಎಂಬ ಜೋಡಿ, ಏಕೆಂದರೆ ಒಂದೇ ವಿಶೇಷಣವು ಎರಡರ ಜೊತೆಗೂ ಬರಬಲ್ಲದು. ‘ಪೊನೆರ್ಸೆ’ಯ ಭೂತಕಾಲದ ರೂಪ ಬಳಸಿ ‘ಸೆ ಪುಸೊ ಸೆರಿಯೊ’ ಎಂದರೆ ನಗುತ್ತಿದ್ದವನು ಆ ಕ್ಷಣಕ್ಕೆ ಗಂಭೀರನಾದ. ತುಸು ಹೊತ್ತಿನಲ್ಲಿ ಮತ್ತೆ ನಕ್ಕಾನು. ‘ಬೊಲ್ಬೆರ್ಸೆ’ ಬಳಸಿ ‘ಸೆ ಬೊಲ್ಬಿಯೊ ಸೆರಿಯೊ’ ಎಂದರೆ ಅವನ ಸ್ವಭಾವವೇ ಬದಲಾಯಿತು. ಹೀಗಾಗಿ ಮುಖ ಕೆಂಪೇರುವುದಕ್ಕೂ ಗಾಬರಿಯಾಗುವುದಕ್ಕೂ ‘ಪೊನೆರ್ಸೆ’, ಹುಚ್ಚು ಹಿಡಿಯುವುದಕ್ಕೆ ‘ಬೊಲ್ಬೆರ್ಸೆ’. ಈ ಅರ್ಥದಲ್ಲಿ ‘ಪೊನೆರ್ಸೆ’ಯ ಮುಂದೆ ನಾಮಪದ ಬರುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಬೇಕು, ವೃತ್ತಿಗಳ ಹೆಸರಿನ ಜೊತೆ ಅದನ್ನು ಬಳಸುವ ತಪ್ಪು ಇದರಿಂದಲೇ ತಪ್ಪುತ್ತದೆ.

ವೃತ್ತಿ, ಧರ್ಮ, ರಾಜಕೀಯ ನಿಲುವುಗಳಂತೆ ಮನುಷ್ಯ ತಾನಾಗಿ ಆರಿಸಿಕೊಳ್ಳುವ ಬದಲಾವಣೆಗೆ ‘ಅಸೆರ್ಸೆ’ ಸಲ್ಲುತ್ತದೆ. ದೀರ್ಘ ಹಾದಿ ಸವೆಸಿ ಒಂದು ಸ್ಥಾನವನ್ನು ಮುಟ್ಟಿದ್ದನ್ನು ಹೇಳಲು ‘ಯೆಗಾರ್ ಆ ಸೆರ್’ ಇದೆ. ಚಿಲಿಯ ಮಿಶೆಲ್ ಬಾಚೆಲೆಟ್ ಅವರ ಬಗ್ಗೆ ಎರಡನ್ನೂ ಹೇಳಬಹುದು: ವೈದ್ಯಕೀಯ ಓದಿ ‘ಸೆ ಇಸೊ ಮೆದಿಕಾ’ (ವೈದ್ಯೆಯಾದರು), 2006ರಲ್ಲಿ ‘ಯೆಗೊ ಆ ಸೆರ್ ಪ್ರೆಸಿದೆಂತಾ’ (ದೇಶದ ಅಧ್ಯಕ್ಷೆಯಾದರು). ನೀರು ಮಂಜುಗಡ್ಡೆಯಾಗುವಂತೆ ಒಂದು ವಸ್ತು ಮತ್ತೊಂದಾದಾಗ ‘ಕೊನ್ಬೆರ್ತಿರ್ಸೆ ಎನ್’ ಬೇಕು. ಅದರ ಕೊನೆಯ ‘ಎನ್’ ಎಂಬ ಉಪಸರ್ಗಪದವನ್ನು ಬಿಡುವಂತಿಲ್ಲ.

‘ಕೆದಾರ್ಸೆ’ಯನ್ನು ಅನೇಕರು ‘ಉಳಿ’ ಎಂಬ ಅರ್ಥದಲ್ಲಷ್ಟೇ ಕಲಿತು ಬಿಟ್ಟುಬಿಡುತ್ತಾರೆ, ಅದು ನಷ್ಟವೇ ಸರಿ. ಒಂದು ಘಟನೆಯ ಫಲವಾಗಿ, ಹೆಚ್ಚಾಗಿ ಏನನ್ನೋ ಕಳೆದುಕೊಂಡು, ತಲುಪಿದ ಸ್ಥಿತಿಯನ್ನೂ ಅದು ಹೇಳುತ್ತದೆ. ಅರ್ಜೆಂಟೀನಾದ ಲೇಖಕ ಬೊರ್ಹೆಸ್ 1955ರಲ್ಲಿ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾದ ಹೊತ್ತಿಗೆ ಓದಲಾಗದಷ್ಟು ದೃಷ್ಟಿ ಕಳೆದುಕೊಂಡಿದ್ದರು. ಅದನ್ನು ‘ಸೆ ಕೆದೊ ಸಿಯೆಗೊ’ (ಕುರುಡರಾದರು) ಎನ್ನುತ್ತಾರೆ. ವಿಧುರನಾಗುವುದು, ಕಿವುಡಾಗುವುದು ಎಲ್ಲವೂ ಇದರ ಪಾಲಿಗೇ ಬರುತ್ತವೆ.

ಕೆಲವು ಬದಲಾವಣೆಗಳಿಗಂತೂ ಈ ಯಾವುದರ ಸಹಾಯವೂ ಬೇಕಿಲ್ಲ. ವಯಸ್ಸಾಗುವುದಕ್ಕೆ ‘ಎನ್ಬೆಹೆಸೆರ್’, ತೆಳ್ಳಗಾಗುವುದಕ್ಕೆ ‘ಅದೆಲ್ಗಸಾರ್’ ಎಂಬ ಸ್ವತಂತ್ರ ಕ್ರಿಯಾಪದಗಳಿವೆ. ಸಿಟ್ಟು ಬರುವುದಕ್ಕೆ ಸ್ಪೇನ್‌ನಲ್ಲಿ ‘ಎನ್ಫದಾರ್ಸೆ’ ಎಂದೂ ಲ್ಯಾಟಿನ್ ಅಮೆರಿಕದಲ್ಲಿ ಸಾಮಾನ್ಯವಾಗಿ ‘ಎನೊಹಾರ್ಸೆ’ ಎಂದೂ ಹೇಳುತ್ತಾರೆ.