ಗಣತಿಯ ‘ಕುಟುಂಬ’ ಅಂದರೆ ಒಲೆ

ಮೊನ್ನೆ ಕಲಬುರಗಿಯ ಒಂದು ಸಭೆಯಲ್ಲಿ ಹಿರಿಯರೊಬ್ಬರು ಜನಗಣತಿಯ ಹೆಸರು ಹೇಳಿ ಗುಡುಗಿದರು: ‘ಒಬ್ಬರೇ ಇರುವ ಕುಟುಂಬಗಳು ಅಂದ್ರೆ ಏನು? ಸಂಸಾರ ಒಡೆದವು ಅಂತ ಅಲ್ವಾ?’ ಅಲ್ಲ ರೀ. ಎಷ್ಟು ಸಲ ಹೇಳುವುದು! ಗಣತಿಯ ಕುಟುಂಬವೇ ಬೇರೆ, ಮದುವೆ ಕಾರ್ಡಿನ ‘ಕುಟುಂಬ ಸಮೇತ’ ಬೇರೆ.

ಗಣತಿಯವರು ರಕ್ತ ಸಂಬಂಧ ನೋಡುವುದಿಲ್ಲ, ಒಲೆ ನೋಡುತ್ತಾರೆ. ಒಟ್ಟಿಗೆ ಇದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಇದೇನು ದಿಲ್ಲಿಯವರು ಕಂಡುಹಿಡಿದ ವಿಚಾರವಲ್ಲ. ಅಣ್ಣತಮ್ಮಂದಿರು ಒಂದೇ ಮಾಳಿಗೆ ಕೆಳಗಿದ್ದರೂ ಒಲೆ ಎರಡಾದ ದಿನವೇ ನಮ್ಮೂರಲ್ಲಿ ‘ಬ್ಯಾರೆ ಆದ್ರು’ ಅನ್ನುತ್ತಾರೆ. ಗಣತಿಯೂ ಅವರನ್ನು ಎರಡು ಅಂತಲೇ ಬರೆದುಕೊಳ್ಳುತ್ತದೆ.

ನನ್ನ ಕೇಳಿದರೆ ಇದಕ್ಕೆ ‘ಒಕ್ಕಲು’ ಅನ್ನುವ ಹಳೆಯ ಪದವೇ ಸರಿ. ‘ನೂರು ಒಕ್ಕಲಿನ ಊರು’ ಅಂದಾಗ ಯಾರೂ ಮಕ್ಕಳನ್ನು ಎಣಿಸುವುದಿಲ್ಲ. ಒಕ್ಕಲು ಅಂದರೆ ಒಂದು ಕಡೆ ನೆಲೆ ನಿಂತು ಬದುಕು ಮಾಡುವವರು. ಮನೆ ಖಾಲಿ ಮಾಡಿಸಿದರೆ ‘ಒಕ್ಕಲೆಬ್ಬಿಸಿದರು’ ಅನ್ನುತ್ತೇವೆ. ಆ ಮಾತಿನಲ್ಲಿ ನೆಂಟಸ್ತಿಕೆಯ ಸುಳಿವೇ ಇಲ್ಲ, ನೆಲೆ ಮಾತ್ರ ಇದೆ. ಕಣದಲ್ಲಿ ರಾಶಿ ಒಕ್ಕುವ ‘ಒಕ್ಕಲು’ ಬೇರೆ, ಅದನ್ನು ಇಲ್ಲಿಗೆ ಎಳೆದು ತರಬೇಡಿ. ‘ಕುಟುಂಬ’ ಹಾಗಲ್ಲ. ಒಬ್ಬರಿಗೆ ಅದು ವಂಶ, ಇನ್ನೊಬ್ಬರಿಗೆ ಹೆಂಡತಿ. ಗೊಂದಲ ಆಗದೆ ಇನ್ನೇನು?

ಈಗ ಈ ಊರಿನ ವಿದ್ಯಾರ್ಥಿಗಳನ್ನು ನೋಡಿ. 1958ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, 1980ರಲ್ಲಿ ವಿಶ್ವವಿದ್ಯಾಲಯ. ಆಮೇಲೆ ಓದಲು ಬರುವವರ ರೂಮುಗಳು ಗಲ್ಲಿಗಲ್ಲಿಯಲ್ಲೂ ಎದ್ದವು. ಯಾದಗಿರಿ ಕಡೆಯ ಮೂವರು ಹುಡುಗರು ಒಂದು ರೂಮು ಹಿಡಿದು, ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡರೆ ಅದು ಮೂರು ಜನರ ಒಂದು ಕುಟುಂಬ. ಜಗಳವಾಡಿ ಒಬ್ಬೊಬ್ಬರು ಒಂದೊಂದು ಖಾನಾವಳಿ ಹಿಡಿದರೆ ಅದೇ ರೂಮಿನಲ್ಲಿ ಮೂರು ಕುಟುಂಬ! ಸಂಸಾರ ಒಡೆದಿಲ್ಲ, ಪಲ್ಯದಲ್ಲಿ ಉಪ್ಪು ಜಾಸ್ತಿ ಆಗಿದೆ ಅಷ್ಟೇ. ಆ ಸಭೆಯಲ್ಲಿ ಗುಡುಗಿದವರ ಲೆಕ್ಕದಲ್ಲಿ ಇಂಥ ಹುಡುಗರು ಎಷ್ಟು ಜನ ಇದ್ದರೋ.

ಹಾಸ್ಟೆಲ್ಲಿನದು ಇನ್ನೂ ತಮಾಷೆ. ಅಲ್ಲಿ ನಂಟು ಇಲ್ಲ, ಮೆಸ್ ಒಂದೇ. ಆದ್ದರಿಂದ ಅದು ‘ಸಾಂಸ್ಥಿಕ ಕುಟುಂಬ’. ಜೈಲು, ಆಶ್ರಮ ಕೂಡ ಇದೇ ಸಾಲಿನಲ್ಲಿವೆ. ಒಂದು ಓಣಿಯಲ್ಲಿ ಹತ್ತು ಮನೆ, ಮನೆಗೆ ಐದು ಜನ ಅಂದುಕೊಳ್ಳಿ. ಪಕ್ಕದಲ್ಲಿ 200 ಹುಡುಗಿಯರ ಹಾಸ್ಟೆಲ್. ಈಗ 250 ಜನ, 11 ಕುಟುಂಬ. ಸುಮ್ನೆ ಭಾಗಿಸಿದರೆ ಕುಟುಂಬಕ್ಕೆ ಸುಮಾರು 23 ಜನ! ಅದಕ್ಕೇ ಹಾಸ್ಟೆಲ್ ಬೇರೆ ತೆಗೆದು ಲೆಕ್ಕ ಹಾಕಬೇಕು.

ಇನ್ನೊಂದು ಮಾತು. ಹಾಸ್ಟೆಲ್ಲಿನವರು ಲೆಕ್ಕಕ್ಕೆ ಸೇರುವುದು ಹಾಸ್ಟೆಲ್ ಇರುವ ಕಡೆ, ಅಪ್ಪನ ಊರಲ್ಲಿ ಅಲ್ಲ. ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಇರುವವರು ಆಳಂದ ತಾಲೂಕಿನ ಕಡಗಂಚಿಯವರು. ಅದೇ ತರಗತಿಯಲ್ಲಿ ಕೂತು, ಸಂಜೆ ಬಸ್ ಹಿಡಿದು ನಗರದ ರೂಮಿಗೆ ಬರುವವರು ಕಲಬುರಗಿಯವರು. 2011ರಲ್ಲಿ ಜನರನ್ನು ಎಣಿಸಿದ್ದು ಫೆಬ್ರುವರಿಯಲ್ಲಿ, ತರಗತಿ ನಡೆಯುವ ಕಾಲದಲ್ಲಿ. ನಗರದಲ್ಲಿ ಸುಮಾರು 5.3 ಲಕ್ಷ ಜನ ಸಿಕ್ಕರು. ಮೇ ತಿಂಗಳ ಬಿಸಿಲಲ್ಲಿ ಎಣಿಸಿದ್ದರೆ ಎಷ್ಟೋ ರೂಮುಗಳಿಗೆ ಬೀಗ ಇರುತ್ತಿತ್ತು.

ಮುಂದಿನ ಎಣಿಕೆ 2027ರ ಫೆಬ್ರುವರಿಯಲ್ಲಿ. ರೂಮಿನ ಬಾಗಿಲು ತಟ್ಟಿ ‘ನೀವು ಮೂವರೂ ಎಲ್ಲಿ ಉಣ್ತೀರಿ?’ ಅಂತ ಕೇಳಿದರೆ ನಗಬೇಡಿ. ಕೇಳಬೇಕಾದ ಪ್ರಶ್ನೆಯೇ ಅದು.