ಬೋಕಾ ಮ್ಯಾಚ್ ನೋಡೋಕೆ ಫ್ಯಾನ್ ಟೂರ್ ಬೇಕೇಬೇಕಾ?

ಓದುಗರ ಪ್ರಶ್ನೆ: ಏಪ್ರಿಲ್‌ನಲ್ಲಿ ಅಪ್ಪನ ಜೊತೆ ಬ್ಯೂನಸ್ ಐರಿಸ್‌ಗೆ ಹೋಗುತ್ತಿದ್ದೇನೆ. ಇಬ್ಬರಿಗೂ ಫುಟ್‌ಬಾಲ್ ಹುಚ್ಚು. ಬೋಕಾ ಜೂನಿಯರ್ಸ್ ಮ್ಯಾಚ್ ಒಂದನ್ನು ನೋಡಲೇಬೇಕು ಅಂತ ಆಸೆ. ಆದರೆ ಎಲ್ಲಿ ಹುಡುಕಿದರೂ ಟಿಕೆಟ್ ಸಿಗುತ್ತಿಲ್ಲ. ಬರೀ ಗೈಡ್ ಜೊತೆ ಹೋಗುವ ‘ಫ್ಯಾನ್ ಟೂರ್’ ಅಂತಲೇ ಬರುತ್ತಿದೆ. ಅದರ ರೇಟ್ ನೋಡಿದರೆ ತಲೆ ತಿರುಗುತ್ತೆ. ನಾವೇ ಟಿಕೆಟ್ ತಗೊಂಡು ಹೋಗೋಕೆ ಆಗಲ್ವಾ?

ಉತ್ತರ: ಬೋಕಾ ಮ್ಯಾಚ್‌ಗೆ ಆಗಲ್ಲ. ಅದೇ ಊರಿನ ಬೇರೆ ಎಷ್ಟೋ ಕ್ಲಬ್‌ಗಳ ಮ್ಯಾಚ್‌ಗೆ ಆರಾಮಾಗಿ ಆಗುತ್ತೆ. ಯಾಕೆ ಹೀಗೆ ಅನ್ನೋದು ಗೊತ್ತಾದರೆ ಟೂರ್‌ನವರು ಹೇಳುವ ರೇಟ್ ಸರಿಯೋ ತಪ್ಪೋ ಅಂತ ನೀವೇ ಲೆಕ್ಕ ಹಾಕಬಹುದು.

ಅರ್ಜೆಂಟೀನಾದ ಕ್ಲಬ್‌ಗಳಿಗೆ ಇಂಗ್ಲೆಂಡಿನ ಹಾಗೆ ಮಾಲೀಕರಿಲ್ಲ. ಅವು ಸದಸ್ಯರ ಸಂಘಗಳು. ಸದಸ್ಯರು ತಿಂಗಳು ತಿಂಗಳು ಚಂದಾ ಕಟ್ಟುತ್ತಾರೆ, ವೋಟು ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಬೋಕಾದ ಹಳೇ ಆಟಗಾರ ಹುವಾನ್ ರೊಮಾನ್ ರಿಕೆಲ್ಮೆ 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷರಾಗಿದ್ದು ಹೀಗೆ ಚುನಾವಣೆಯಲ್ಲಿ ಗೆದ್ದೇ. ಈ ಸದಸ್ಯರಿಗೆ ಅಲ್ಲಿ ‘ಸೋಸಿಯೊ’ ಅನ್ನುತ್ತಾರೆ. ಎಲ್ಲಾ ಬಗೆಯ ಸದಸ್ಯರನ್ನೂ ಸೇರಿಸಿದರೆ ಬೋಕಾದ ಲೆಕ್ಕ 3 ಲಕ್ಷ ದಾಟುತ್ತೆ. ಕ್ಲಬ್ಬಿನ ಸ್ಟೇಡಿಯಂ ಲಾ ಬೊಂಬೊನೇರಾದಲ್ಲಿ ಹಿಡಿಯೋದು ಸುಮಾರು 54,000 ಜನ. ವರ್ಷಗಟ್ಟಲೆ ಚಂದಾ ಕಟ್ಟಿದವರಲ್ಲೇ ಎಷ್ಟೋ ಜನರಿಗೆ ಒಳಗೆ ಜಾಗವಿಲ್ಲ. ಪೂರ್ಣ ಸದಸ್ಯತ್ವ ಸಿಗಲಿ ಅಂತ ಕಾಯುತ್ತಾ ಕೂತವರ ಸಾಲೇ ಬೇರೆ ಇದೆ. ಹೀಗಿರುವಾಗ ಹೊರಗಿನವರಿಗೆ ಮಾರೋಕೆ ಟಿಕೆಟ್ ಉಳಿಯೋದಾದರೂ ಹೇಗೆ?

ಸ್ಟೇಡಿಯಂ ದೊಡ್ಡದು ಮಾಡಬಹುದಲ್ವಾ ಅಂದರೆ, ಜಾಗವೇ ಇಲ್ಲ. 1940ರಲ್ಲಿ ಶುರುವಾದ ಬೊಂಬೊನೇರಾ ಲಾ ಬೋಕಾ ಬಡಾವಣೆಯ ಮನೆಗಳ ನಡುವೆ ಸಿಕ್ಕಿಕೊಂಡಿದೆ. ಇದ್ದ ಜಾಗದಲ್ಲೇ ಮೇಲಕ್ಕೆ ಕಟ್ಟಿದ್ದಾರೆ. ಮೂರು ಕಡೆ ಕಡಿದಾದ ಮೂರು ಅಂತಸ್ತಿನ ಸ್ಟ್ಯಾಂಡು, ನಾಲ್ಕನೇ ಕಡೆ ಗೋಡೆಯ ಹಾಗೆ ನೆಟ್ಟಗೆ ನಿಂತ ಖಾಸಗಿ ಬಾಕ್ಸ್ ಸೀಟುಗಳ ಸಾಲು. ಮೇಲಿನ ಅಂತಸ್ತಿನಲ್ಲಿ ಕೂತರೆ ಮೈದಾನ ಕಾಲ ಕೆಳಗೇ ಇದ್ದಂತೆ ಕಾಣುತ್ತೆ. ಜನ ಒಟ್ಟಿಗೆ ಕುಣಿದಾಗ ಕಾಂಕ್ರೀಟ್ ಅಲುಗುವುದು ನಿಜವಾಗಿಯೂ ಪಾದಕ್ಕೆ ಗೊತ್ತಾಗುತ್ತೆ. ಬೊಂಬೊನೇರಾ ನಡುಗಲ್ಲ, ಅದರ ಎದೆ ಬಡಿದುಕೊಳ್ಳುತ್ತೆ ಅನ್ನೋದು ಬೋಕಾದವರ ಮಾತು.

ಸರಿ, ಹಾಗಾದರೆ ಟೂರ್‌ನವರಿಗೆ ಟಿಕೆಟ್ ಎಲ್ಲಿಂದ ಬರುತ್ತೆ? ಬಹುತೇಕ ಯಾರೋ ಒಬ್ಬ ಸದಸ್ಯರದ್ದು. ಆ ದಿನ ಮ್ಯಾಚ್‌ಗೆ ಹೋಗದ ಸೋಸಿಯೊ ತನ್ನ ಕಾರ್ಡನ್ನು, ಅಂದರೆ ‘ಕಾರ್ನೆ’ಯನ್ನು, ದುಡ್ಡಿಗೆ ಕೊಡುತ್ತಾನೆ. ಮಧ್ಯದಲ್ಲಿ ಟೂರ್ ಕಂಪನಿ. ಗೈಡ್ ವ್ಯಾನಿನಲ್ಲೋ ಗೇಟಿನ ಹತ್ತಿರವೋ ಅದನ್ನು ನಿಮ್ಮ ಕೈಗೆ ಕೊಟ್ಟು, ಮ್ಯಾಚ್ ಮುಗಿದ ಮೇಲೆ ನೆನಪಿನಿಂದ ವಾಪಸ್ ಇಸ್ಕೊಳ್ಳುತ್ತಾರೆ. ಕಾರ್ಡಿನಲ್ಲಿ ಯಾವನೋ ಗೊನ್ಸಾಲೆಸ್‌ನ ಫೋಟೋ, ಅದನ್ನು ಹಿಡಿದು ಸಾಲಿನಲ್ಲಿ ನಿಂತಿರುವವರು ನೀವು! ನಿಯಮದ ಪ್ರಕಾರ ಕಾರ್ಡನ್ನು ಬೇರೆಯವರಿಗೆ ಕೊಡುವಂತಿಲ್ಲ. ಹಾಗೆ ಕೊಟ್ಟು ಸಿಕ್ಕಿಬಿದ್ದ ಸದಸ್ಯರ ಮೇಲೆ ಕ್ಲಬ್ ಕ್ರಮ ತಗೊಳ್ಳುವುದೂ ಉಂಟು. ಆದರೂ ವರ್ಷಗಳಿಂದ ನಡೆಯುತ್ತಿದೆ.

ಹಾಗಾಗಿ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಬಾಡಿಗೆ ಕಾರ್ಡಿನದ್ದೇ. ಗೈಡ್, ವ್ಯಾನು, ಒಂದು ಪಿಜ್ಜಾ, ಒಂದು ಬಿಯರ್ ಇವೆಲ್ಲ ಅದರ ಮೇಲೆ ಒಗ್ಗರಣೆ. ಸಾಧಾರಣ ಲೀಗ್ ಮ್ಯಾಚ್‌ಗೂ ತಲೆಗೆ ನೂರು ಡಾಲರ್ ಮೇಲೆಯೇ ಹೇಳುತ್ತಾರೆ. ಎದುರಾಳಿ ದೊಡ್ಡದಾದಂತೆ ರೇಟೂ ಏರುತ್ತೆ. ಅದೇ ಊರಿನ ಬದ್ಧವೈರಿ ಕ್ಲಬ್ ರಿವರ್ ಪ್ಲೇಟ್ ಜೊತೆಗಿನ ‘ಸೂಪರ್‌ಕ್ಲಾಸಿಕೊ’ ಮ್ಯಾಚ್ ಆದರಂತೂ ಕೇಳುವುದೇ ಬೇಡ. ಸದಸ್ಯನೇ ಅವತ್ತು ಕಾರ್ಡು ಬಿಟ್ಟುಕೊಡಲ್ಲ, ಅಲ್ವಾ?

ಹಾಗಾದರೆ ಟೂರ್ ಮೋಸವಾ? ಅಲ್ಲ. ಬೋಕಾ ಮಟ್ಟಿಗೆ ಅದಕ್ಕೊಂದು ಬೆಲೆ ಇದೆ, ಮುಖ್ಯವಾಗಿ ವಾಪಸ್ ಬರುವ ಹೊತ್ತಿಗೆ. ಲಾ ಬೋಕಾಗೆ ಮೆಟ್ರೊ ಹೋಗಲ್ಲ. ಹಗಲಿನಲ್ಲಿ 29, 64, 152ನೇ ನಂಬರ್ ಬಸ್‌ಗಳಿವೆ. ಬಣ್ಣಬಣ್ಣದ ತಗಡಿನ ಮನೆಗಳ ಕಮಿನೀತೊ ಬೀದಿ ನೋಡೋಕೆ ಎಲ್ಲರೂ ಅದರಲ್ಲೇ ಹೋಗುತ್ತಾರೆ. ಆದರೆ ಕತ್ತಲಾದ ಮೇಲೆ ಪ್ರವಾಸಿ ಬೀದಿ ಬಿಟ್ಟು ಎರಡು ಬ್ಲಾಕ್ ಆಚೆ ಹೋಗಬೇಡಿ ಅಂತ ಊರಿನವರೇ ಹೇಳುತ್ತಾರೆ. ಮ್ಯಾಚ್ ದಿನ ಸುತ್ತಲಿನ ರಸ್ತೆ ಬಂದ್, ಟ್ಯಾಕ್ಸಿ ಹತ್ತಿರ ಬರಲ್ಲ. ಒಳಗೆ ಹೋಗುವಾಗ ಸಾಲುಸಾಲು ಪೊಲೀಸ್ ತಪಾಸಣೆ ಇರುತ್ತೆ, ಎಲ್ಲವೂ ಸ್ಪ್ಯಾನಿಷ್‌ನಲ್ಲೇ. ‘ತ್ರಿಬೂನಾ ಸೆಗೂರಾ’ ಅನ್ನುವ ವ್ಯವಸ್ಥೆಯಲ್ಲಿ ಗುರುತಿನ ಚೀಟಿ ನೋಡುತ್ತಾರೆ, ಸ್ಟೇಡಿಯಂಗೆ ನಿಷೇಧವಿರುವವರನ್ನು ಹಿಡಿಯೋಕೆ. ಹೀಗಾಗಿ ಪಾಸ್‌ಪೋರ್ಟ್ ಜೊತೆಗಿರಲಿ. ಬೇರೆಯವರ ಕಾರ್ಡು ಕೈಯಲ್ಲಿಟ್ಟುಕೊಂಡು ಈ ಸಾಲು ದಾಟುವಾಗ ಪಕ್ಕದಲ್ಲಿ ಮಾತು ಬಲ್ಲ ಒಬ್ಬರು ಇರೋದು ಒಳ್ಳೇದು.

ಬುಕ್ ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳೋಕೆ ಅವಕಾಶ ಇದ್ದರೆ, ಯಾವ ಸ್ಟ್ಯಾಂಡು ಅಂತ ಕೇಳಿ. ಅಲ್ಲಿ ಎರಡು ಬಗೆ. ‘ಪ್ಲಾತೆಯಾ’ ಅಂದರೆ ಸೀಟು. ‘ಪೊಪುಲಾರ್’ ಅಂದರೆ ಗೋಲಿನ ಹಿಂದೆ ನಿಂತು ನೋಡುವ ಮೆಟ್ಟಿಲು. ಟೂರ್‌ನವರು ಪೊಪುಲಾರನ್ನು ‘ಅಸಲಿ ಅನುಭವ’ ಅಂತ ಮಾರುತ್ತಾರೆ. ಸುಳ್ಳೇನಲ್ಲ. ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ ಬೆಂಗಳೂರು ಎಫ್‌ಸಿಗಾಗಿ ತೊಂಬತ್ತು ನಿಮಿಷ ಕೂಗಿದ ಅಭ್ಯಾಸ ಇರುವವರಿಗೆ ರೋಮಾಂಚನ ಆಗುತ್ತೆ. ಆದರೆ ಒಳ್ಳೆ ಜಾಗ ಬೇಕಂದರೆ ಆಟಕ್ಕೆ ಎರಡು ಗಂಟೆ ಮೊದಲೇ ಹೋಗಿ ನಿಲ್ಲಬೇಕು. ಮುಂದೆ ಬಾವುಟ ಬಿಚ್ಚಿದರೆ ಆಟವೇ ಕಾಣಲ್ಲ. ಗೋಲು ಬಿದ್ದಾಗ ಹಿಂದಿನವರೆಲ್ಲ ಮುಂದಕ್ಕೆ ಉರುಳುತ್ತಾರೆ. ನಿಮ್ಮ ಅಪ್ಪ ಬರುತ್ತಾರಲ್ಲ, ಸುಮ್ನೆ ಪ್ಲಾತೆಯಾ ತಗೊಳ್ಳಿ. ಅಲ್ಲೂ ಮೆಟ್ಟಿಲು ಕಡಿದು, ಮಂಡಿ ನೋವಿದ್ದರೆ ಕೆಳಗಿನ ಅಂತಸ್ತು ಕೊಡಿ ಅಂತ ಮೊದಲೇ ಹೇಳಿಬಿಡಿ.

ಪೊಪುಲಾರ್‌ನ ನಡುವಿನಲ್ಲಿ ಡ್ರಮ್ಮು, ಉದ್ದುದ್ದ ಬಟ್ಟೆ ಪಟ್ಟಿ, ಛತ್ರಿ ಹಿಡಿದು ನಿಲ್ಲುವ ಗುಂಪಿಗೆ ‘ಲಾ ದೋಸೆ’ ಅಂತ ಹೆಸರು. ನಮ್ಮ ದೋಸೆ ಅಲ್ಲ, ಹನ್ನೆರಡು ಅಂತ. ಹನ್ನೊಂದು ಆಟಗಾರರ ಜೊತೆ ಹನ್ನೆರಡನೆಯವರು ಅಭಿಮಾನಿಗಳು. ಇದರ ಹಿಂದೆ ಒಂದು ಚೆಂದದ ಕತೆ ಇದೆ. 1925ರಲ್ಲಿ ಬೋಕಾ ತಂಡ ಹಡಗು ಹತ್ತಿ ಯುರೋಪ್ ಪ್ರವಾಸಕ್ಕೆ ಹೋಯಿತು. ವಿಕ್ತೋರಿಯಾನೊ ಕಫರೇನಾ ಅನ್ನುವ ಅಭಿಮಾನಿಯೂ ಜೊತೆಗೆ ಹೊರಟರು. ದಾರಿಯುದ್ದಕ್ಕೂ ತಂಡದ ಬೇಕುಬೇಡ ನೋಡಿಕೊಂಡರು. ಆಟಗಾರರು ಅವರಿಗೆ ‘ಹನ್ನೆರಡನೇ ಆಟಗಾರ’ ಅಂತ ಹೆಸರಿಟ್ಟರು. ವಿದೇಶದಲ್ಲಿ ಮ್ಯಾಚ್ ನೋಡೋಕೆ ಹೋದವರಲ್ಲಿ ಅವರು ನಿಮಗಿಂತ ನೂರು ವರ್ಷ ಸೀನಿಯರ್!

ಇವತ್ತಿನ ಲಾ ದೋಸೆ ಅಷ್ಟು ಮುಗ್ಧವಲ್ಲ. ಅದು ‘ಬಾರ್ರಾ ಬ್ರಾವಾ’, ಅಂದರೆ ಸಂಘಟಿತ ಗುಂಪು. ಪಾರ್ಕಿಂಗ್ ವಸೂಲಿ, ಟಿಕೆಟ್ ಬ್ಲ್ಯಾಕ್, ಒಳಜಗಳ ಎಲ್ಲದರಲ್ಲೂ ಬಾರ್ರಾಗಳ ಹೆಸರು ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತೆ. ಬಾರ್ರಾ ಮಧ್ಯೆಯೇ ನಿಲ್ಲಿಸುತ್ತೇವೆ ಅಂತ ಯಾರಾದರೂ ಆಸೆ ತೋರಿಸಿದರೆ ಬೇಡ ಅನ್ನಿ. ಸ್ಟೇಡಿಯಂ ಹೊರಗೆ ಬೀದಿಯಲ್ಲಿ ಕಾರ್ಡು ಮಾರುವವರನ್ನಂತೂ ತಿರುಗಿಯೂ ನೋಡಬೇಡಿ. ನಕಲಿ ಕಾರ್ಡು, ಬ್ಲಾಕ್ ಆದ ಕಾರ್ಡು ಗೇಟಿಗೆ ಹೋದ ಮೇಲೆಯೇ ಗೊತ್ತಾಗೋದು.

ಬಟ್ಟೆ ವಿಷಯ ತಮಾಷೆ ಅನ್ನಿಸಬಹುದು, ಆದರೆ ಪಾಲಿಸಿ. ಕೆಂಪು–ಬಿಳಿ ರಿವರ್ ಬಣ್ಣ, ಬೋಕಾಗೆ ಹೋಗುವಾಗ ಅದು ಬೇಡ. ಬೊಂಬೊನೇರಾದಲ್ಲಿ ಕೋಕಾ ಕೋಲಾ ಜಾಹೀರಾತನ್ನೂ ಕೆಂಪು ಬಿಟ್ಟು ಕಪ್ಪು–ಬಿಳುಪಿನಲ್ಲಿ ಹಾಕಿದ್ದಾರೆ ಅಂದರೆ ಅಂದಾಜು ಮಾಡಿ. ಇನ್ನೊಂದು, ಎದುರಾಳಿ ಎಷ್ಟೇ ಚೆಂದದ ಗೋಲು ಹೊಡೆದರೂ ಚಪ್ಪಾಳೆ ತಟ್ಟಬೇಡಿ. 2013ರಲ್ಲಿ ಲಾ ಪ್ಲಾತಾ ನಗರದಲ್ಲಿ ಲಾನುಸ್ ತಂಡದ ಅಭಿಮಾನಿಯೊಬ್ಬ ಪೊಲೀಸರ ರಬ್ಬರ್ ಗುಂಡಿಗೆ ಸತ್ತ. ಆಮೇಲೆ ಲೀಗ್ ಮ್ಯಾಚ್‌ಗಳಿಗೆ ಹೊರಗಿನ ತಂಡದ ಅಭಿಮಾನಿಗಳು ಬರುವಂತಿಲ್ಲ ಅಂತ ಮಾಡಿದರು. ಈಚೆಗೆ ಕೆಲವು ಮ್ಯಾಚ್‌ಗಳಿಗೆ ಸಡಿಲ ಮಾಡಿದ್ದಾರೆ ಅಷ್ಟೆ. ಅಂದರೆ ನಿಮ್ಮ ಸುತ್ತ ಇರುವವರೆಲ್ಲ ಬಹುತೇಕ ಒಂದೇ ಕಡೆಯವರು. ಅವರು ಕುಣಿಯುವಾಗ ನೀವೂ ಕುಣಿಯಿರಿ. ಕುಣಿಯದವರು ಎದುರಾಳಿ ಕಡೆಯವರು ಅಂತಲೇ ಒಂದು ಕೂಗು ಇದೆ. ದೇಶದ ತಂಡ ಆಡುವಾಗ ಅದೇ ಕೂಗು ‘ಕುಣಿಯದವನು ಇಂಗ್ಲಿಷಿನವನು’ ಅಂತಾಗುತ್ತೆ.

ಇನ್ನು ಊಟ–ತಿಂಡಿ. ಸ್ಟೇಡಿಯಂ ಸುತ್ತ ಸಿಗೋದು ಚೋರಿಪಾನ್. ಕೆಂಡದ ಮೇಲೆ ಸುಟ್ಟ ಸಾಸೇಜನ್ನು ಉದ್ದಕ್ಕೆ ಸೀಳಿ, ಬ್ರೆಡ್ಡಿನಲ್ಲಿಟ್ಟು, ಸೊಪ್ಪು–ಬೆಳ್ಳುಳ್ಳಿಯ ಚಿಮಿಚುರಿ ಸುರಿದು ಕೊಡುತ್ತಾರೆ. ಸಸ್ಯಾಹಾರಿಗಳು ಬೇಸರ ಮಾಡಿಕೊಳ್ಳಬೇಡಿ. ಲಾ ಬೋಕಾಗೆ ಇಟಲಿಯ ಜಿನೋವಾದಿಂದ ವಲಸೆ ಬಂದವರ ತಿಂಡಿ ‘ಫೈನಾ’ ಇದೆ. ಕಡಲೆಹಿಟ್ಟಿನ ತೆಳ್ಳಗಿನ ಹಿಟ್ಟು ಕಲಸಿ ಒಲೆಯಲ್ಲಿ ಬೇಯಿಸಿದ ಬಿಲ್ಲೆ. ಅಂಚು ಗರಿಗರಿ, ಒಳಗೆ ಮೆತ್ತಗೆ, ಮೇಲೆ ಕಾಳುಮೆಣಸಿನ ಪುಡಿ. ಅದನ್ನು ಪಿಜ್ಜಾ ತುಂಡಿನ ಮೇಲೇ ಇಟ್ಟು ತಿನ್ನುತ್ತಾರೆ. ಈರುಳ್ಳಿ–ಚೀಸ್ ತುಂಬಿದ ‘ಫುಗಸೆತಾ’ ಪಿಜ್ಜಾ ಜೊತೆ ಹೊಟ್ಟೆ ಭರ್ತಿ. ಸ್ಟೇಡಿಯಂ ಒಳಗೆ ಮದ್ಯ ಇಲ್ಲ.

ಈಗ ನಿಮ್ಮ ಟಿಕೆಟ್ ಬುಕಿಂಗ್‌ಗೆ ನೇರ ಸಂಬಂಧ ಇರುವ ಮಾತು. ಅರ್ಜೆಂಟೀನಾದಲ್ಲಿ ಯಾವ ವಾರ ಯಾರ ಮೇಲೆ ಯಾರು ಅಂತ ಮೊದಲೇ ಗೊತ್ತಿರುತ್ತೆ. ಆದರೆ ಯಾವ ದಿನ, ಎಷ್ಟು ಗಂಟೆಗೆ ಅನ್ನೋದು ಖಾತ್ರಿಯಾಗೋದು ಬಹಳ ತಡವಾಗಿ. ಶುಕ್ರವಾರದಿಂದ ಸೋಮವಾರದವರೆಗೆ ಯಾವತ್ತು ಬೇಕಾದರೂ ಇರಬಹುದು. ಶನಿವಾರ ಮ್ಯಾಚ್, ಭಾನುವಾರ ಇಗ್ವಾಸು ಜಲಪಾತಕ್ಕೆ ವಿಮಾನ ಅಂತೆಲ್ಲ ಪ್ಲ್ಯಾನ್ ಮಾಡಿದವರು ಅಳುತ್ತಾ ಬರುತ್ತಾರೆ. ಆ ನಾಲ್ಕೂ ದಿನ ಊರಿನಲ್ಲೇ ಇರಿ. ತಾರೀಖು ಬದಲಾದರೆ ದುಡ್ಡು ವಾಪಸ್ ಬರುತ್ತಾ ಅಂತ ಟೂರ್‌ನವರಿಂದ ಬರೆಸಿಕೊಳ್ಳಿ. ಏಪ್ರಿಲ್ ಆರಿಸಿದ್ದು ಒಳ್ಳೆಯದಾಯಿತು. ಅಮೆರಿಕದಲ್ಲಿರುವ ನಮ್ಮವರು ಕ್ರಿಸ್‌ಮಸ್ ರಜೆಗೆ ಹೋಗುತ್ತಾರೆ. ಆಗ ಲೀಗ್‌ಗೂ ರಜೆ, ಮೈದಾನ ಖಾಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿದರೆ, ನಾನು ಬೋಕಾ ಒಂದಕ್ಕೇ ಜೋತು ಬೀಳಲ್ಲ. ಈ ನಗರ ಮತ್ತು ಅದರ ಅಂಚಿನಲ್ಲಿ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುವ ಕ್ಲಬ್‌ಗಳು ಬೇಕಾದಷ್ಟಿವೆ. ಲಿನಿಯರ್ಸ್‌ನಲ್ಲಿ ವೆಲೆಸ್, ಪಾರ್ಕೆ ಪಾತ್ರಿಸಿಯೋಸ್‌ನಲ್ಲಿ ಉರಕಾನ್, ಅವೆಯಾನೆದಾದಲ್ಲಿ ರಾಸಿಂಗ್ ಮತ್ತು ಇಂದಿಪೆಂದಿಯೆಂತೆ. ಈ ಕೊನೆಯ ಎರಡರ ಸ್ಟೇಡಿಯಂಗಳ ನಡುವೆ ಕೆಲವೇ ನೂರು ಮೀಟರ್ ದೂರ. ಬದ್ಧವೈರಿಗಳು, ಬೀದಿ ಮಾತ್ರ ಒಂದೇ ಅನ್ನುವಷ್ಟು ಹತ್ತಿರ. ಸಣ್ಣ ಕ್ಲಬ್‌ಗಳು ಸಾಧಾರಣ ಮ್ಯಾಚ್‌ಗೆ ಸದಸ್ಯರಲ್ಲದವರಿಗೂ ಟಿಕೆಟ್ ಮಾರುತ್ತವೆ. ಆ ವಾರ ಕ್ಲಬ್ಬಿನ ಅಧಿಕೃತ ಪುಟ ನೋಡಿ, ಇಲ್ಲವೇ ಹೋಟೆಲಿನವರನ್ನು ಕೇಳಿ. ದೊಡ್ಡ ಎದುರಾಳಿ ಬಂದ ದಿನ ಮಾತ್ರ ಸದಸ್ಯರಿಗಷ್ಟೇ ಅನ್ನುತ್ತಾರೆ. ರಿವರ್ ಪ್ಲೇಟ್ ಕತೆ ನಡುವಿನದ್ದು. ಅದರ ಮೊನುಮೆಂತಾಲ್ ಸ್ಟೇಡಿಯಂ ಸುಮಾರು 85,000 ಜನ ಹಿಡಿಯುತ್ತೆ, ನುನ್ಯೆಸ್ ಬಡಾವಣೆ ಓಡಾಡೋಕೆ ಸಲೀಸು, ಡಿ ಲೈನ್ ಮೆಟ್ರೊ ಇಳಿದು ನಡೆದೇ ಹೋಗಬಹುದು. ಆದರೆ ಅಲ್ಲೂ ಸದಸ್ಯರದ್ದೇ ಮೊದಲ ಪಾಲು.

ಅಪ್ಪನ ಜೊತೆ ಹೋಗುವವರಿಗೆ ನಾನು ಹೇಳೋದು ಲಾ ಪಾತೆರ್ನಾಲ್ ಬಡಾವಣೆಯ ಅರ್ಜೆಂಟೀನೊಸ್ ಜೂನಿಯರ್ಸ್. 1976ರ ಅಕ್ಟೋಬರ್ 20ರಂದು, ಹದಿನಾರು ತುಂಬೋಕೆ ಇನ್ನು ಹತ್ತು ದಿನ ಇರುವಾಗ, ಮರಡೋನಾ ದೊಡ್ಡವರ ಆಟಕ್ಕೆ ಕಾಲಿಟ್ಟಿದ್ದು ಈ ಕ್ಲಬ್ಬಿನ ಅಂಗಿ ತೊಟ್ಟೇ. ಸ್ಟೇಡಿಯಂಗೆ ಅವರದೇ ಹೆಸರು. ಸುತ್ತಲಿನ ಗೋಡೆ ತುಂಬ ಅವರದೇ ಚಿತ್ರ. ಕ್ಲಬ್ ಕೊಡಿಸಿದ ಮನೆ ಹತ್ತಿರದಲ್ಲೇ ಇದೆ, ಈಗ ಮ್ಯೂಸಿಯಂ. ಒಂದು ಎಚ್ಚರಿಕೆ: ಈ ಕ್ಲಬ್ಬಿನ ಬಣ್ಣ ಕೆಂಪು. ಬೋಕಾ ಅಂಗಡಿಯಲ್ಲಿ ಕೊಂಡ ನೀಲಿ–ಹಳದಿ ಟೀ ಶರ್ಟ್ ಹಾಕಿಕೊಂಡು ಹೋಗಬೇಡಿ.

ಬೋಕಾ ಟೂರ್‌ಗೆ ದುಡ್ಡು ಹೊಂದದಿದ್ದರೆ ಬೊಂಬೊನೇರಾ ಒಳಗೇ ಇರುವ ಕ್ಲಬ್ ಮ್ಯೂಸಿಯಂಗೆ ಹೋಗಿ. ಸ್ಟೇಡಿಯಂ ಸುತ್ತು ಸೇರಿಸಿದ ಟಿಕೆಟ್ ರೇಟು ಮ್ಯಾಚ್ ಟೂರ್‌ನ ರೇಟಿನ ಮುಂದೆ ಏನೂ ಅಲ್ಲ. ಖಾಲಿ ಸ್ಟ್ಯಾಂಡಿನಲ್ಲಿ ನಿಂತು ನೋಡಿ, ಮೆಟ್ಟಿಲು ಎಷ್ಟು ಕಡಿದು ಅಂತ ಅಪ್ಪನಿಗೂ ಗೊತ್ತಾಗುತ್ತೆ. ಮ್ಯಾಚ್ ದಿನ ಸ್ಟೇಡಿಯಂ ಸುತ್ತು ಇರಲ್ಲ ಅಂತಲೇ ಲೆಕ್ಕ ಹಾಕಿ, ವಾರದ ನಡುವೆ ಬೆಳಿಗ್ಗೆಯೇ ಹೋಗಿಬನ್ನಿ.