ಎಸಿಪಿ ಶೀಟಿನ ಹೊಟ್ಟೆಯಲ್ಲಿ ಏನಿದೆ?

ಬೆಳಗಾವಿಯ ಖಡೇಬಜಾರಿನಲ್ಲಿ ತಲೆ ಎತ್ತಿಕೊಂಡು ನಡೆದರೆ ಹಳೆ ಕಟ್ಟಡಗಳ ಮುಖಕ್ಕೆ ಬಡಿದ ಮಿರಿಮಿರಿ ಶೀಟುಗಳು ಕಾಣುತ್ತವೆ. ಬಟ್ಟೆ ಅಂಗಡಿ, ಮೊಬೈಲ್ ಶೋರೂಮ್, ನರ್ಸಿಂಗ್ ಹೋಮ್, ಎಲ್ಲದಕ್ಕೂ ಎಸಿಪಿ, ಅಂದರೆ ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್. ನೋಡಲು ಗಟ್ಟಿ ಲೋಹದ ಹಲಗೆ ಥರ ಇದ್ದರೂ 4 ಮಿಮೀ ದಪ್ಪದ ಶೀಟಿನಲ್ಲಿ ಅಲ್ಯೂಮಿನಿಯಂ ಎರಡು ತೆಳು ಪದರ ಮಾತ್ರ. ಒಳ್ಳೆಯದರಲ್ಲಿ ಒಂದೊಂದು ಪದರ ಅರ್ಧ ಮಿಮೀ, ಅಗ್ಗದ್ದರಲ್ಲಿ ಅದರ ಅರ್ಧ. ಉಳಿದದ್ದು ನಡುವಿನ ತಿರುಳು.

ಈ ಜೋಡಣೆ ಜಾಣತನದ್ದೇ. ಹಲಗೆ ಬಾಗಿಸಿದಾಗ ಎಳೆತ, ಒತ್ತಡ ಜಾಸ್ತಿ ಬೀಳುವುದು ಎರಡು ಹೊರಮೈಗಳ ಮೇಲೆ, ಮಧ್ಯಕ್ಕೆ ಅಷ್ಟು ಕೆಲಸವಿಲ್ಲ. ಹಾಗಾಗಿ ಗಟ್ಟಿ ಲೋಹ ಹೊರಗೆ, ಹಗುರ ಪ್ಲಾಸ್ಟಿಕ್ ಒಳಗೆ. ಒಂದು ಚದರ ಮೀಟರಿಗೆ ಸುಮಾರು 5.5 ಕಿಲೋ ತೂಗುವ ಶೀಟು, ಸುಮಾರು 9 ಕಿಲೋ ತೂಗುವ ಬರೀ ಅಲ್ಯೂಮಿನಿಯಂ ಹಲಗೆಯಷ್ಟೇ ಬಿಗಿಯಾಗಿ ನಿಲ್ಲುತ್ತದೆ.

ಫ್ಯಾಬ್ರಿಕೇಶನ್ ಹುಡುಗರು ಇದನ್ನು ಮಡಚುವುದನ್ನು ಒಮ್ಮೆ ನಿಂತು ನೋಡಿ. ಹಿಂಬದಿಯಿಂದ ಮಷೀನಿನಲ್ಲಿ ವಿ ಆಕಾರದ ತೋಡು ಕೊರೆಯುತ್ತಾರೆ, ಹಿಂದಿನ ಪದರವೂ ತಿರುಳೂ ತುಂಡಾಗಿ ಮುಂದಿನ ಪದರದ ಮೇಲೆ ಕೂದಲೆಳೆಯಷ್ಟು ಪ್ಲಾಸ್ಟಿಕ್ ಉಳಿಯುತ್ತದೆ, ಆಮೇಲೆ ಕೈಯಲ್ಲೇ ಮಡಚಿದರೆ ನೇರ ಮೂಲೆ ಸಿದ್ಧ. ಆಗ ನೆಲಕ್ಕೆ ಬೀಳುವ ಪುಡಿಯಲ್ಲೇ ಶೀಟಿನ ಬಂಡವಾಳ ಇರುವುದು. ಇನ್ನು ಎರಡು ಶೀಟಿನ ನಡುವೆ ಬಿಡುವ ಸಂದಿ ಸುಮ್ನೆ ಅಂದಕ್ಕಲ್ಲ. ವಿಜಯಪುರದ ಬಿಸಿಲಿಗೆ ಗೋಡೆಯ ಮೇಲಿನ ಶೀಟು 50 ಡಿಗ್ರಿ ಏರಿಳಿದರೆ 8 ಅಡಿ ಉದ್ದದ ಅಲ್ಯೂಮಿನಿಯಂ ಹೆಚ್ಚುಕಡಿಮೆ 3 ಮಿಮೀ ಹಿಗ್ಗಿ ಕುಗ್ಗುತ್ತದೆ. ಜಾಗ ಕೊಡದಿದ್ದರೆ ಉಬ್ಬುತ್ತದೆ, ಅಷ್ಟೇ.

ನಿಜವಾದ ತಲೆನೋವು ತಿರುಳಿನದು. ಅಗ್ಗದ ಶೀಟುಗಳಲ್ಲಿ ಅದು ಪಾಲಿಥಿನ್. ಕಿಲೋ ಲೆಕ್ಕದಲ್ಲಿ ಪಾಲಿಥಿನ್ ಉರಿದರೆ ಡೀಸೆಲ್ ಉರಿದಷ್ಟೇ ಶಾಖ. 1000 ಚದರ ಅಡಿ ಮುಖಕ್ಕೆ 3 ಮಿಮೀ ತಿರುಳು ಅಂದರೆ ಸುಮಾರು 250 ಕಿಲೋ ಪ್ಲಾಸ್ಟಿಕ್, ಅದೂ ಗೋಡೆಯ ಹೊರಗೆ ನೆಟ್ಟಗೆ ನಿಲ್ಲಿಸಿದ್ದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಪಾಲಿಥಿನ್ ಅದಕ್ಕೂ ಎಷ್ಟೋ ಮೊದಲೇ ಕರಗಿ, ಉರಿಯುತ್ತಾ ತೊಟ್ಟಿಕ್ಕುತ್ತದೆ. ಗೋಡೆಗೂ ಶೀಟಿಗೂ ನಡುವೆ ಖಾಲಿ ಜಾಗ ಇರುತ್ತದಲ್ವಾ, ಅದು ಹೊಗೆ ಕೊಳವೆಯಾಗಿ ಬೆಂಕಿಯನ್ನು ಮೇಲಕ್ಕೆ ಎಳೆಯುತ್ತದೆ. 2014ರಲ್ಲಿ ಮೆಲ್ಬರ್ನಿನ ಲಾಕ್ರೋಸ್ ಕಟ್ಟಡದಲ್ಲಿ ಬಾಲ್ಕನಿಯ ಒಂದು ಸಿಗರೇಟಿನಿಂದ ಶುರುವಾದ ಬೆಂಕಿ ನಿಮಿಷಗಳಲ್ಲಿ ತುದಿ ಮುಟ್ಟಿತು. ಅಲ್ಲಿ ಯಾರೂ ಸಾಯಲಿಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಅಲ್ಲಿ ಬೆಂಕಿ ಹರಡಲು ಮುಖ್ಯ ಕಾರಣ ಪಾಲಿಥಿನ್ ತಿರುಳಿನ ಶೀಟುಗಳೇ ಎಂದು ವಿಚಾರಣೆ ಹೇಳಿತು.

ಇದಕ್ಕೆ ಪರಿಹಾರ ಇದೆ, ಅದರ ಸಾಮಗ್ರಿ ನಮ್ಮ ಊರಿನದೇ ಅನ್ನಬಹುದು. ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಜೊತೆ ಅಲ್ಯೂಮಿನಿಯಂ ಹೈಡ್ರೇಟ್ ಎಂಬ ಬಿಳಿ ಪುಡಿಯನ್ನೂ ಮಾಡುತ್ತದೆ. ಬೆಂಕಿ ತಡೆಯುವ ಶೀಟುಗಳ ತಿರುಳಿಗೆ ಸೇರಿಸುವುದು ಈ ಜಾತಿಯ ಪುಡಿಗಳನ್ನೇ. 200 ಡಿಗ್ರಿ ದಾಟುತ್ತಿದ್ದಂತೆ ಈ ಹೈಡ್ರೇಟ್ ಒಡೆದು, ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ನೀರನ್ನು ಆವಿಯಾಗಿ ಬಿಡುತ್ತದೆ. ಒಡೆಯಲು ಶಾಖ ಹೀರುವುದರಿಂದ ಶೀಟು ಬೇಗ ಕಾಯುವುದಿಲ್ಲ, ಆವಿ ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ, ಹಿಂದೆ ಉಳಿಯುವ ಅಲ್ಯೂಮಿನಾ ಉರಿಯುವುದೇ ಇಲ್ಲ. ಬೆಂಕಿ ಪರೀಕ್ಷೆಯಲ್ಲಿ ಬಹುತೇಕ ಉರಿಯದ್ದು ಎನಿಸಿಕೊಂಡ ಎ2 ದರ್ಜೆಯ ಶೀಟಿನಲ್ಲಿ ತಿರುಳಿನ ಹೆಚ್ಚುಪಾಲು ಇಂಥ ಖನಿಜವೇ.

ಬಣ್ಣ ನೋಡಿ ಇದನ್ನು ಗುರುತಿಸಲು ಹೋಗಬೇಡಿ. ಕಪ್ಪು ತಿರುಳು ಬಹಳ ಸಲ ಮರುಬಳಕೆಯ ಪ್ಲಾಸ್ಟಿಕ್ ಆಗಿರುತ್ತದೆ ನಿಜ, ಆದರೆ ಬಿಳಿ ಇದ್ದ ಮಾತ್ರಕ್ಕೆ ಬೆಂಕಿ ತಡೆಯುತ್ತದೆ ಅಂತೇನಿಲ್ಲ. ಕೊಟೇಶನ್ ಕೇಳುವಾಗ ನಾವು ಬಣ್ಣ, ಮಿಮೀ, ಚದರ ಅಡಿ ರೇಟು ಇಷ್ಟಕ್ಕೇ ನಿಲ್ಲಿಸುತ್ತೇವೆ. ತಿರುಳಿನ ದರ್ಜೆ, ಬೆಂಕಿ ಪರೀಕ್ಷೆಯ ವರದಿ ಎರಡನ್ನೂ ಬರಹದಲ್ಲೇ ಕೇಳಿ, ಬಿಲ್ಲಿನಲ್ಲೂ ಅದೇ ದರ್ಜೆ ಬರೆಸಿ. ಎರಡು ಮೂರು ಮಹಡಿ ಕಟ್ಟಡ ಆದರೆ, ಶೀಟಿನ ಹಿಂದಿನ ಖಾಲಿ ಜಾಗವನ್ನು ಪ್ರತಿ ಮಹಡಿಗೆ ಉರಿಯದ ವಸ್ತುವಿನಿಂದ ಅಡ್ಡ ಮುಚ್ಚಲು ಹೇಳಿ. ಒಮ್ಮೆ ಶೀಟು ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.